ಜಾಮೀನು ಕೇಳಲು ಹೋದದ್ದು

ನನ್ನ ಸಿಟ್ಟು ಹಳೆಯದು. ಎಪ್ಪತ್ತರ ದಶಕದ ಒಂದು ಮುಂಗಾರಿನಲ್ಲಿ ಹತ್ತಿಕೊಂಡದ್ದು ಇನ್ನೂ ಆರಿಲ್ಲ. ವಯಸ್ಸಾದಂತೆ ಸಿಟ್ಟು ತಾನಾಗಿ ಇಳಿಯುತ್ತದೆ ಎಂದು ನನಗೆ ಬುದ್ಧಿ ಹೇಳುವವರಿದ್ದಾರೆ. ಅವರಿಗೆ ಯಾರೂ ಹೊಟ್ಟೆ ಬಿರಿಯುವಂತೆ ಹೋಳಿಗೆ ತಿನ್ನಿಸಿ, ಕೈಯಲ್ಲೊಂದು ಕುಪ್ಪಸದ ಖಣ ಇಟ್ಟು, ಕೇಳಲು ಬಂದ ಮಾತು ಗಂಟಲಲ್ಲೇ ಇರುವಾಗ ಬಸ್ಸು ಹತ್ತಿಸಿ ಕಳಿಸಿರಲಿಕ್ಕಿಲ್ಲ. ನನ್ನನ್ನು ಹಾಗೆ ಕಳಿಸಿದರು. ಒಂದು ಮನೆಯವರಲ್ಲ, ಒಂದಾದ ಮೇಲೊಂದು ಮನೆಯವರು ಕಳಿಸಿದರು.

ನಮ್ಮದು ಸಿಂದಗಿ ತಾಲೂಕಿನ ಸಣ್ಣ ಹಳ್ಳಿ. ಕನ್ನೊಳ್ಳಿಯ ತನಕ ನಡೆದು ಹೋದರೆ ಬಸ್ಸು ಸಿಗುತ್ತಿತ್ತು. ಅಪ್ಪನದು ಒಕ್ಕಲುತನ. ಅಕ್ಕನನ್ನು ಇಂಡಿ ತಾಲೂಕಿನ ಕಡೆ ಕೊಟ್ಟಿತ್ತು. ನಾನು ಸಿಂದಗಿಯಲ್ಲಿ ಪರಿಚಯದವರ ಮನೆಯಲ್ಲಿದ್ದುಕೊಂಡು ಪಿಯುಸಿ ಓದಿದೆ, ಅದೂ ವಿಜ್ಞಾನ. ಒಳ್ಳೆಯ ಮಾರ್ಕು ಬಂದವು. ಊರಲ್ಲಿ ಯಾವ ಹುಡುಗಿಯೂ ಅಲ್ಲಿಯವರೆಗೆ ಓದಿರಲಿಲ್ಲವಾದ್ದರಿಂದ ಅಪ್ಪ ಚೌಕದಲ್ಲಿ ನಿಂತು ಎಲ್ಲರಿಗೂ ಪೇಢೆ ಹಂಚಿದ. ಮಗಳು ಪಾಸಾದಾಗ ಪೇಢೆ ಹಂಚುವುದಕ್ಕೆ ಏನೂ ಅಡ್ಡಿಯಿಲ್ಲ, ಅದು ಅಲ್ಲಿಗೇ ಮುಗಿಯುತ್ತದೆ. ಮುಂದೆ ಏನು ಎಂದು ಕೇಳಿದಾಗ ಶುರುವಾಗುವುದು ತಕರಾರು.

ಮುಂದೆ ನನಗಿದ್ದದ್ದು ಎರಡು ದಾರಿ. ಒಂದು, ಮುಂಜಾನೆ ಬಸ್ಸು ಹಿಡಿದು ಹೋಗಿ ಸಂಜೆ ಮನೆಗೆ ಬರಬಹುದಾದ ಹೊಸ ಕಾಲೇಜು. ಮೆಣಸಿನಕಾಯಿ ಅಡತಿ ವ್ಯಾಪಾರದವರೊಬ್ಬರ ಖಾಲಿ ಗೋದಾಮಿನಲ್ಲಿ ನಡೆಯುತ್ತಿತ್ತು. ಪಾಠ ಕೇಳುವಾಗ ಮೆಣಸಿನಕಾಯಿ ಘಾಟಿಗೆ ಹುಡುಗರು ಸೀನುತ್ತಾರೆ ಎಂದು ಅಲ್ಲಿ ಓದುತ್ತಿದ್ದವರೇ ನಗುತ್ತಿದ್ದರು. ವಿಜ್ಞಾನ ಇರಲಿಲ್ಲ, ಬರೀ ಬಿ.ಎ. ಫೀಸು ಕಡಿಮೆ. ಇನ್ನೊಂದು, ಧಾರವಾಡ.

ಧಾರವಾಡಕ್ಕೆ ಅರ್ಜಿ ಕೊಡಲು ಅಪ್ಪನೇ ನನ್ನನ್ನು ಕರೆದುಕೊಂಡು ಹೋದ. ಆಫೀಸಿನ ಕೆಲಸ ಮುಗಿದ ಮೇಲೆ ಇಬ್ಬರೂ ಕಾಲೇಜು ನೋಡುತ್ತ ಅಡ್ಡಾಡಿದೆವು. ಪ್ರಯೋಗಶಾಲೆಯ ಬಾಗಿಲು ತೆರೆದಿತ್ತು. ಒಳಗೆ ಉದ್ದನೆಯ ಕಲ್ಲಿನ ಮೇಜು, ಸಾಲಾಗಿ ಗಾಜಿನ ಸೀಸೆಗಳು, ನೀಲಿ ಬೆಂಕಿ. ನನ್ನದೇ ವಯಸ್ಸಿನ ಒಬ್ಬ ಹುಡುಗಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಾಜಿನ ನಳಿಗೆ ಸರಿಯಾಗಿ ತೊಳೆದಿಲ್ಲವೆಂದು ಅಲ್ಲಿನ ಸಿಪಾಯಿಯನ್ನು ಜೋರು ಮಾಡುತ್ತಿದ್ದಳು. ಅವನು ಮರುಮಾತಾಡದೆ ಒಯ್ದು ತೊಳೆದು ತಂದ. ಆ ಹುಡುಗಿ ಯಾರ ಮಗಳು, ಯಾವ ಊರಿನವಳು, ಲಗ್ನ ಯಾವಾಗ ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಈ ಜಾಗ ನನ್ನದು ಅಂತ ನನಗೆ ಅನ್ನಿಸಿದ್ದು ಜೀವನದಲ್ಲಿ ಅದೇ ಮೊದಲು. ಇಂಗ್ಲಿಷಿನಲ್ಲಿ ನಡೆಯುತ್ತಿದ್ದ ಪಾಠ ಅರ್ಧಕ್ಕರ್ಧ ತಿಳಿಯಲಿಲ್ಲ. ತಿಳಿಯದಿದ್ದರೂ ಹೆದರಿಕೆಯಾಗಲಿಲ್ಲ.

ಹುಡುಗಿಯರ ಹಾಸ್ಟೆಲ್ಲಿನ ಮೇಲ್ವಿಚಾರಕಿ ಬಾಯಿಯವರು ಒಂದು ಕೋಣೆ ತೆಗೆದು ತೋರಿಸಿದರು. ಎರಡು ಮಂಚ, ಒಂದು ಕಿಟಕಿ, ಕಿಟಕಿಯಾಚೆ ಬೇವಿನ ಮರ. ಇಲ್ಲಿ ದಿನಾ ಅನ್ನ ಸಾರು, ರೊಟ್ಟಿ ವಾರದಲ್ಲಿ ಎರಡು ದಿನ ಮಾತ್ರ ಎಂದು ಅವರು ಹೇಳಿದ್ದೇ ತಡ, ಅಪ್ಪನಿಗೆ ಹಿಡಿದುಕೊಳ್ಳಲು ಒಂದು ಆಸರೆ ಸಿಕ್ಕಿತು. ವಾಪಸು ಬರುವಾಗ ಬಸ್ಸಿನಲ್ಲಿ ಅದೇ ಮಾತು.

"ರೊಟ್ಟಿ ಇಲ್ಲದ ಕಡೆ ಹೆಂಗ ಇರತಿ ನೀ? ಬರೇ ಅನ್ನ ಉಂಡು ಮನಶ್ಯಾರು ಇರತಾರೇನು?"

"ಅಲ್ಲಿ ಇರೋರೆಲ್ಲ ದನಾ ಏನ ಯಪ್ಪಾ?" ಅಂದೆ. ಮುಂದಿನ ಸೀಟಿನವರು ತಿರುಗಿ ನೋಡಿ ನಕ್ಕರು. ಅಪ್ಪ ನಗಲಿಲ್ಲ.

ಧಾರವಾಡದಲ್ಲಿ ಸೀಟು ಸಿಕ್ಕಿತು. ಫೀಸು, ಹಾಸ್ಟೆಲ್ಲು, ಪುಸ್ತಕ ಎಲ್ಲಾ ಸೇರಿ ನಮ್ಮ ಕೈ ಮೀರಿದ ಮಾತಾಗಿತ್ತು. ಆದರೆ ಒಳ್ಳೆಯ ಮಾರ್ಕು ಬಂದವರಿಗೆ ಸರ್ಕಾರ ಬಡ್ಡಿಯಿಲ್ಲದ ಸಾಲ ಕೊಡುತ್ತಿತ್ತು. ಓದು ಮುಗಿದು ನೌಕರಿ ಹತ್ತಿದ ಮೇಲೆ ಕಂತಿನಲ್ಲಿ ತೀರಿಸಬೇಕು. ತನ್ನ ಹೆಸರಿಗೆ ಹೊಲ ಇರುವ ಒಬ್ಬರು ಜಾಮೀನು ನಿಂತು ಸಹಿ ಹಾಕಿದರೆ ಆಯಿತು. ಅಪ್ಪನೇ ನಿಲ್ಲಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಮ್ಮ ಹೊಲ ಅಣ್ಣತಮ್ಮಂದಿರಲ್ಲಿ ಇನ್ನೂ ಪಾಲಾಗಿರಲಿಲ್ಲ, ತೀರಿಹೋದ ಅಜ್ಜನ ಹೆಸರಿನಲ್ಲೇ ಇತ್ತು. ಹಾಗಾಗಿ ಸಹಿ ಹೊರಗಿನವರದ್ದೇ ಆಗಬೇಕು.

ಮನೆಯಲ್ಲಿ ಒಂದು ವಾರ ಇದೇ ಚರ್ಚೆ ನಡೆಯಿತು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ, "ಇಲ್ಲೇ ಕಲೀಲಿ ಬಿಡ್ರಿ. ಬುತ್ತಿ ಕಟಗೊಂಡು ಹೋಗಿ ಸಂಜಿಗೆ ಮನಿಗೆ ಬರತಾಳ" ಅನ್ನುತ್ತಿದ್ದಳು. ಅಪ್ಪನ ತಲೆಯಲ್ಲಿ ಇದ್ದದ್ದು ಬೇರೆ.

"ಗಂಡ ಹುಡುಗ ಸಾಲ ಮಾಡಿದ್ರ ಅದು ಈ ಮನಿ ಸಾಲ" ಅಂದ. "ಹೆಣ್ಣ ಹುಡುಗಿ ಮಾಡಿದ್ರ ಅದು ಯಾವ ಮನಿ ಸಾಲ? ನಾಳೆ ನಿನ್ನ ನೋಡಾಕ ಬಂದಾವರು ಕೇಳತಾರ, ಹುಡುಗಿ ಮ್ಯಾಲ ಸಾಲ ಐತೇನ್ರಿ ಅಂತ. ಏನ ಹೇಳಲಿ ನಾ?"

"ನನ್ನ ಸಾಲ ಅಂತ ಹೇಳು. ನೌಕರಿ ಹತ್ತಿದ ಮ್ಯಾಲ ನಾನ ತೀರಸ್ತೇನಿ."

"ಆವಾಗ ನಿನ್ನ ಪಗಾರ ಯಾರ ಕೈಯಾಗ ಇರತೈತಿ?"

ಈ ಮಾತೇ ನನ್ನನ್ನು ಉರಿಸಿದ್ದು. ದುಡಿಯುವುದು ನಾನು, ಪಗಾರ ಎಣಿಸುವ ಕೈ ಇನ್ನಾರದೋ. ಆ ಇನ್ನಾರೋ ಎಲ್ಲಿದ್ದಾನೋ, ಮೀಸೆ ಬಂದಿದೆಯೋ ಇಲ್ಲವೋ ಯಾರಿಗೂ ತಿಳಿಯದು, ಆದರೂ ಅವನ ಕಿಸೆಗೆ ನಷ್ಟವಾಗಬಾರದೆಂದು ನನ್ನಪ್ಪ ಈಗಲೇ ಕಾವಲು ಕೂತಿದ್ದಾನೆ. ಹೀಗೆಂದು ನಾನು ಕೂಗಾಡಿದೆ. ಅವ್ವ ಬಾಗಿಲು ಮುಂದೆ ಮಾಡಿದಳು, ಓಣಿಯವರಿಗೆ ಕೇಳಬಾರದೆಂದು. ನಾನು ಊಟ ಬಿಟ್ಟೆ. ಮರುದಿನವೂ ಬಿಟ್ಟೆ.

ಆಮೇಲೆ ಒಂದು ಮುಂಜಾನೆ ಅಪ್ಪ ತಾನಾಗಿ ಬಂದು, "ಆತು, ಬಳಗದಾಗ ಕೇಳಿ ನೋಡೂಣು. ಆದ್ರ ಒಂದ ಮಾತು. ನಾ ಕೇಳತೇನಿ. ಹಿರಿಯಾರ ಮುಂದ ನೀ ಬಾಯಿ ತೆರೀಬ್ಯಾಡ" ಅಂದ. ನಾನು ಅವನ ಕಾಲಿಗೆ ಬಿದ್ದೆ. ಜಾಮೀನುದಾರನ ಎದುರಿಗೆ ನಾನೂ ಸಹಿ ಹಾಕಬೇಕಿದ್ದರಿಂದ ಅರ್ಜಿ ಹಿಡಿದುಕೊಂಡು ಅವನ ಜೊತೆ ಹೊರಟೆ. ಜುಲೈ ಮೊದಲ ವಾರದೊಳಗೆ ಅದು ಧಾರವಾಡ ಮುಟ್ಟಬೇಕಿತ್ತು.

ಮೊದಲು ಮುದ್ದೇಬಿಹಾಳ. ತಾಳಿಕೋಟೆಯಲ್ಲಿ ಬಸ್ಸು ಬದಲಿಸಿ ಹೋಗಬೇಕು. ಅಲ್ಲಿ ಅವ್ವನ ತಮ್ಮ, ನನ್ನ ಸೋದರಮಾವ. ಹೊಲವೂ ಇತ್ತು, ಶೇಂಗಾ ವ್ಯಾಪಾರವೂ ಇತ್ತು. ನಾವು ಯಾಕೆ ಬಂದಿದ್ದೇವೆಂಬ ಸುದ್ದಿ ನಮಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಹೊಸ್ತಿಲಲ್ಲೇ ಮಾವನ ಹೆಂಡತಿ ನನ್ನ ಗದ್ದ ಹಿಡಿದು, "ಧಾರವಾಡದ ಬಾಯಾರು ಬಂದ್ರು ನೋಡ್ರಿ" ಎಂದು ನಕ್ಕಳು. ಮಾವ ಅಪ್ಪನಿಗೆ, "ಬರ್ರಿ ಮಾಮಾರ, ಮದಲ ಕಾಲಿಗೆ ನೀರ ತಗೋರಿ" ಅಂದ.

ನಮ್ಮ ಕಡೆಯ ರೀತಿ ಹೀಗೆ. ಬಂದವರು ಕಾಲು ತೊಳೆದು ಒಳಗೆ ಕೂತ ಮೇಲೆ, ಉಂಡು ಏಳುವ ತನಕ ಬಂದ ಕೆಲಸದ ಮಾತು ಎತ್ತುವುದಿಲ್ಲ. ಊಟದ ನಂತರ ಎಲೆ ಅಡಿಕೆಯ ತಾಟು ಬರುತ್ತದೆ. ಎಲೆಗೆ ಸುಣ್ಣ ಹಚ್ಚುತ್ತ ಕೇಳಬೇಕಾದದ್ದನ್ನು ಕೇಳಬೇಕು. ಅಷ್ಟರಲ್ಲಿ ಕೇಳದಿದ್ದರೆ ಹೊತ್ತು ಮೀರಿತು. ಯಾಕೆಂದರೆ ಆಮೇಲೆ ಮನೆಯ ಹೆಣ್ಣುಮಕ್ಕಳು ಕುಂಕುಮ ತಂದು ಆಯೇರಿ ಮಾಡುತ್ತಾರೆ: ಹೆಂಗಸರಿಗೆ ಖಣ, ಗಂಡಸರಿಗೆ ಟಾವೆಲ್ಲು, ಕಾಯಿ. ಆಯೇರಿ ಕೈಗೆ ಬಂದ ಮೇಲೆ ಇನ್ನೇನಾದರೂ ಕೇಳಿದರೆ, ಕೊಟ್ಟದ್ದು ಸಾಲಲಿಲ್ಲ ಎಂದಂತೆ. ಮರ್ಯಾದೆ ಇದ್ದವರು ಕೇಳುವುದಿಲ್ಲ. ಕೊಡಲು ಮನಸ್ಸಿಲ್ಲದವರು ಇಲ್ಲ ಎಂದು ಹೇಳಿ ಬಾಯಿ ಕೆಡಿಸಿಕೊಳ್ಳಬೇಕಾಗಿಲ್ಲ, ಕುಂಕುಮದ ಬಟ್ಟಲನ್ನು ತುಸು ಬೇಗ ತರಿಸಿದರೆ ಸಾಕು. ಇಂಥ ನಯವಾದ ನಿರಾಕರಣೆಯನ್ನು ಯಾವ ಸೀಮೆಯವರು ಕಂಡುಹಿಡಿದಿದ್ದಾರೋ ನಾನು ಕಾಣೆ.

ಮುದ್ದೇಬಿಹಾಳದಲ್ಲಿ ಶೇಂಗಾ ಹೋಳಿಗೆ ಮಾಡಿದ್ದರು, ಬದನೆಕಾಯಿ ಎಣ್ಣೆಗಾಯಿ ಮಾಡಿದ್ದರು. ಮಾವ ತುಪ್ಪದ ಗಿಂಡಿ ಹಿಡಿದು ಅಪ್ಪನ ಪಕ್ಕದಲ್ಲೇ ಕೂತು ಒತ್ತಾಯ ಮಾಡಿ ಬಡಿಸಿದ. ಎಲೆ ತಾಟು ಬಂತು. ಅಪ್ಪ ಎಲೆ ಆರಿಸಿದ, ತೊಟ್ಟು ಮುರಿದ, ಸುಣ್ಣ ಹಚ್ಚಿದ. ನಾನು ಬಾಗಿಲ ಮರೆಯಲ್ಲಿ ಅರ್ಜಿ ಹಿಡಿದು ನಿಂತಿದ್ದೆ. ಮಾವ ಒಳಗೆ ನೋಡಿ, "ಕುಂಕುಮ ತಗೊಂಡು ಬಾ" ಅಂದ. ಅವನ ಹೆಂಡತಿ ಬಂದೇ ಬಿಟ್ಟಳು. ಹಸಿರು ಖಣ, ಚಂದದ ಅಂಚು. ಅಪ್ಪನ ಹೆಗಲಿಗೆ ಹೊಸ ಟಾವೆಲ್ಲು. ಹೊರಗೆ ಬಂದಾಗ ಮಾವ ಬಸ್‌ಸ್ಟ್ಯಾಂಡಿನ ತನಕ ನಮ್ಮ ಜೊತೆ ನಡೆದು ಬಂದು, ಟಿಕೆಟ್ಟನ್ನೂ ತಾನೇ ತೆಗೆಸಿದ. ಅಷ್ಟು ಖರ್ಚು ಮಾಡುವ ಕೈಗೆ ಕಾಗದದ ಮೇಲೆ ಎರಡು ಅಕ್ಷರ ಗೀಚುವುದು ಭಾರವಾಯಿತು. ಬಸ್ಸು ಬಿಟ್ಟ ಮೇಲೆ ನಾನು ಮಾವನನ್ನು ಬಾಯಿಗೆ ಬಂದಂತೆ ಬೈದೆ. ಅಪ್ಪ, "ಹೋಗಲಿ ಬಿಡು, ಅವನಿಗೂ ಹೆಣ್ಮಕ್ಕಳದಾರ" ಎಂದು ಸಮಾಧಾನ ಮಾಡಿದ.

ಅಲ್ಲಿಂದ ಸೀದಾ ಬಸವನ ಬಾಗೇವಾಡಿ. ಅಲ್ಲಿ ಅಪ್ಪನ ಅಕ್ಕನ ಮನೆ. ಅತ್ತೆಯ ಗಂಡನಿಗೆ ಭರ್ತಿ ಹೊಲ, ಕೊಟ್ಟಿಗೆ ತುಂಬ ದನ. ಮತ್ತೆ ಕಾಲಿಗೆ ನೀರು, ಮತ್ತೆ ಹೋಳಿಗೆ. ಈ ಸಲ ರವೆಯ ಸಜ್ಜಕದ್ದು. ಎಲೆ ಹಾಕಿಕೊಳ್ಳುವಾಗ ಗಂಡಸರಿಬ್ಬರೂ ಮಳೆಯ ಮಾತು, ಬಿತ್ತಿಗೆಯ ಮಾತು ಆಡಿದರು. ನಾನು ಕೆಮ್ಮಿದೆ. ಅಪ್ಪ ನನ್ನ ಕಡೆ ನೋಡಲಿಲ್ಲ. ಅತ್ತೆ ಕುಂಕುಮ ಹಚ್ಚಿ ಖಣ ಕೊಡುತ್ತ, "ಮುಂದಿನ ಸಲ ಬರುವಾಗ ಕೊಳ್ಳಾಗ ತಾಳಿ ಇರಲಿ ಯವ್ವಾ" ಅಂದಳು. ನನ್ನ ಮೈ ಉರಿದುಹೋಯಿತು. ಆ ಖಣವನ್ನು ಅಲ್ಲೇ ಬಿಸಾಕಬೇಕೆನಿಸಿತು.

ಇಷ್ಟೆಲ್ಲ ಆಗಿ, ಟಾವೆಲ್ಲು ಹೆಗಲ ಮೇಲೆ ಬಿದ್ದು, ಚಪ್ಪಲಿ ಮೆಟ್ಟುವಾಗ ಅಪ್ಪ ತಿರುಗಿ ನಿಂತ.

"ಮಾಮಾ, ನಂದು ಒಂದ ಎತ್ತು ಕುಂಟಾಕತ್ತೈತಿ. ಬಿತ್ತಿಗಿ ಮುಗಿಯೋತನಕ ಆ ಕಂದ ಬಣ್ಣದ ಎತ್ತು ಕೊಡತೀರೇನು?"

"ಅದಕ್ಕೇನ ಕೇಳೂದು? ನಾಳೆ ಆಳಿನ ಕೈಯಾಗ ಹೊಡಿಸಿ ಕಳಸ್ತೇನಿ."

ಮುಗಿಯಿತು. ಕೇಳಿದ, ಕೊಟ್ಟರು. ಆಯೇರಿ ಆದ ಮೇಲೆ ಕೇಳಬಾರದೆಂಬ ಮರ್ಯಾದೆ ಎತ್ತಿಗೆ ಅಡ್ಡ ಬರಲಿಲ್ಲ. ಬಸ್‌ಸ್ಟ್ಯಾಂಡಿಗೆ ಬರುವ ತನಕ ನಾನು ಹಲ್ಲು ಕಚ್ಚಿಕೊಂಡಿದ್ದೆ, ಆಮೇಲೆ ಜನರ ನಡುವೆಯೇ ಅವನ ಮೇಲೆ ಹರಿಹಾಯ್ದೆ.

"ಎತ್ತು ಕೇಳಾಕ ಬಾಯಿ ಬಂತು. ನನ್ನ ಸಲುವಾಗಿ ಬರಲಿಲ್ಲ ಏನು?"

"ಎತ್ತು ಬಿತ್ತಿಗಿ ಮುಗಿದ ಮ್ಯಾಲ ಹೊಳ್ಳಿ ಕೊಡತೇನಿ. ಅದು ಬ್ಯಾರೆ, ಇದು ಬ್ಯಾರೆ" ಅಂದ. "ಜಾಮೀನ ಅಂದ್ರ ಹೊಲದ ಮ್ಯಾಲ ಬರೂ ಮಾತು. ಹೊತ್ತು ನೋಡಿ ಕೇಳಬೇಕು. ಹೊತ್ತು ಕೂಡಿ ಬರಲಿಲ್ಲ."

ಹೊತ್ತು ಕೂಡಿ ಬರಲಿಲ್ಲವಂತೆ. ಮುಹೂರ್ತ ನೋಡಿ ಲಗ್ನ ಮಾಡುವವರ ಮಾತು. ನಾನು ಆಗಲೂ ಸಿಟ್ಟು ಮಾಡಿದ್ದು ಅತ್ತೆಯ ಗಂಡನ ಮೇಲೆ. ಇಷ್ಟು ಸಲೀಸಾಗಿ ಎತ್ತು ಕೊಡುವವನಿಗೆ, ಯಾಕೆ ಬಂದಿರಿ ಎಂದು ಒಂದು ಮಾತು ಕೇಳಲಾಗಲಿಲ್ಲವೇ ಎಂದು. ಮನೆಗೆ ಬಂದು ಎರಡೂ ಖಣ ಮೂಲೆಗೆ ಎಸೆದೆ. ಅವ್ವ ಎತ್ತಿ ಜಾಡಿಸಿ, "ಒಂದಕಿಂತ ಒಂದು ಚಂದ ಅದಾವಲ್ಲ" ಎಂದು ಮಡಿಸಿಟ್ಟಳು.

ಜೂನ್ ಮುಗಿಯುತ್ತ ಬಂತು. ಅಪ್ಪ ಎರವಲು ಎತ್ತು ಹೂಡಿ ಬಿತ್ತಿದ. ಧಾರವಾಡದ ತಾರೀಖು ಹತ್ತಿರ ಬರುತ್ತಿತ್ತು, ನನಗೆ ನಿದ್ದೆ ಇರಲಿಲ್ಲ. ಆಗ ಅಪ್ಪನೇ ಹೇಳಿದ, ಇಂಡಿಗೆ ಹೋಗೋಣ, ಬೀಗರನ್ನು ಕೇಳಿ ನೋಡೋಣ ಎಂದು. ಅವ್ವ ಕೆಲಸ ಬಿಟ್ಟು ನಿಂತಳು.

"ಹೆಣ್ಣ ಕೊಟ್ಟ ಮನಿಗೆ ಕೈ ಚಾಚತೀರಿ? ನಾಳೆ ಆಕಿಗೆ ಅಲ್ಲಿ ಏನ ಬೆಲಿ ಉಳಿತೈತಿ?"

ಅವಳು ಹೇಳಿದ್ದು ಸುಳ್ಳಲ್ಲ. ಹೆಣ್ಣು ಕೊಟ್ಟವರು ಬೀಗರ ಮನೆಯಲ್ಲಿ ತಲೆ ತಗ್ಗಿಸಿ ಇರಬೇಕು, ಕೇಳುವುದು ಕೊಡುವುದು ಏನಿದ್ದರೂ ಅವರ ಕಡೆಯಿಂದಲೇ. ಅಂಥ ಮನೆಯ ಬಾಗಿಲಿಗೆ ನನ್ನ ಸಲುವಾಗಿ ಅಪ್ಪ ಹೊರಟಿದ್ದಾನೆ. ಎತ್ತಿನ ಸಲುವಾಗಿ ಅವನ ಮೇಲೆ ಹರಿಹಾಯ್ದದ್ದು ನೆನಪಾಗಿ ನನಗೆ ಕಣ್ಣಲ್ಲಿ ನೀರು ಬಂತು. ಎಂಥ ಮಗಳು ನಾನು, ನನ್ನಪ್ಪ ಮಾನ ಬಿಟ್ಟು ಹೊರಟ ಎಂದುಕೊಂಡೆ. ಆ ಕಣ್ಣೀರನ್ನು ನೆನೆದರೆ ಈಗಲೂ ನನಗೆ ರೇಗುತ್ತದೆ. ಅದನ್ನು ವಸೂಲು ಮಾಡಿಕೊಳ್ಳಲು ಆಗುವಂತಿದ್ದರೆ ಮಾಡಿಕೊಳ್ಳುತ್ತಿದ್ದೆ.

ಇಂಡಿಯಿಂದ ತುಸು ಆಚೆಗೆ, ಚಡಚಣದ ರಸ್ತೆಯಲ್ಲಿ ಅಕ್ಕನ ಮನೆ. ಲಿಂಬೆಯ ತೋಟದ ನಡುವೆ ಮನೆ. ಅಂಗಳದಲ್ಲಿ ಗೋಣಿತಾಟಿನ ಮೇಲೆ ಲಿಂಬೆಕಾಯಿಯ ರಾಶಿ ಹಾಕಿ, ಅಕ್ಕನ ಮಾವ ಕೂತು ಸಣ್ಣದು ದೊಡ್ಡದು ಬೇರೆ ಮಾಡುತ್ತಿದ್ದ. ನಮ್ಮನ್ನು ನೋಡಿ ಕೈ ಒರೆಸಿಕೊಂಡು ಎದ್ದ. ಅಕ್ಕ ತಂಬಿಗೆಯಲ್ಲಿ ಕಾಲಿಗೆ ನೀರು ತಂದಳು. ನನ್ನ ಹತ್ತಿರ ಬಂದಾಗ ಬಗ್ಗಿ, ತುಟಿ ಅಲುಗಿಸದಂತೆ ಹೇಳಿದಳು:

"ಮಾವ ಕೆಟ್ಟಾಂವ ಅಲ್ಲ. ಒಳಗ ಕುಂತ್ರ ಮತ್ತ ಊಟ, ಮತ್ತ ಖಣ. ಇಲ್ಲೇ ಕೇಳು. ನೀನ ಕೇಳು."

ಅಕ್ಕನನ್ನು ಹತ್ತನೆಯ ಇಯತ್ತೆ ಮುಗಿಯುವ ಮೊದಲೇ ಬಿಡಿಸಿ ಇಲ್ಲಿಗೆ ಕೊಟ್ಟಿದ್ದರು. ಆಕೆ ಯಾವತ್ತೂ ಅದರ ಬಗ್ಗೆ ಒಂದು ಮಾತು ಆಡಿದವಳಲ್ಲ. ಅಪ್ಪ ತನ್ನ ತಂಬಿಗೆಯನ್ನು ಆಗಲೇ ಬಗ್ಗಿಸಿಕೊಳ್ಳುತ್ತಿದ್ದ. ನಾನು ನೀರು ಮುಟ್ಟಲಿಲ್ಲ. ಕಾಲು ತೊಳೆಯುವ ಕಲ್ಲಿನ ಈಚೆಗೇ ನಿಂತು, ಧೂಳು ಕಾಲಿನಲ್ಲೇ, ಅರ್ಜಿ ತೆಗೆದು ಎರಡೂ ಕೈಯಲ್ಲಿ ಹಿಡಿದೆ.

"ಮಾವಾರ, ನನಗ ಧಾರವಾಡದಾಗ ಸೀಟು ಸಿಕ್ಕೈತ್ರಿ. ಸರ್ಕಾರದವರು ಸಾಲ ಕೊಡತಾರ. ಜಾಮೀನಕ್ಕ ಒಬ್ಬರ ಸೈ ಬೇಕ್ರಿ. ನೌಕರಿ ಹತ್ತಿದ ಮ್ಯಾಲ ನಾನ ತೀರಸ್ತೇನ್ರಿ. ನಿಮಗ ಒಂದ ರೂಪಾಯಿದೂ ತ್ರಾಸ ಕೊಡೂದಿಲ್ಲ."

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಅಕ್ಕನ ಮಾವ ನನ್ನನ್ನು ನೋಡಿದ, ಕಾಗದ ನೋಡಿದ. ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ಕಾಗದ ಇಸಿದುಕೊಂಡು ದೂರ ಹಿಡಿದು ಓದಿದ.

"ಇಷ್ಟೇ ಏನು?" ಅಂದ. "ಇದಕ್ಕ ಹೊಲದ ಉತಾರಿ ಕಾಗದ ಬೇಕಾಗಬೌದು. ಅದಾವು, ಪೆಟ್ಟಿಗ್ಯಾಗ."

ಅವನು ಅಪ್ಪನ ಕಡೆ ತಿರುಗಿದ.

"ಬೀಗರ, ಹುಡುಗಿ ಕೇಳ್ಯಾಳ, ತಪ್ಪಿಲ್ಲ. ಆದ್ರ ಆಕಿ ಮಾತಿನ ಮ್ಯಾಲ ನಾ ಸೈ ಮಾಡಿದ್ರ ನಿಮ್ಮನ್ನ ದಾಟಿ ಹೋದಂಗ ಆಗತೈತಿ. ನೀವೊಂದು ಮಾತು ಹೇಳ್ರಿ. ಮಾಡ್ರಿ ಅಂದ್ರ ಈಗಿಂದೀಗ ಮಾಡತೇನಿ."

ಇನ್ನು ಹೊತ್ತು ಕೂಡಿ ಬರಬೇಕಾಗಿರಲಿಲ್ಲ. ಎಲೆ ತಾಟು ಬೇಕಾಗಿರಲಿಲ್ಲ. ಹಿರಿಯರ ಮುಂದೆ ಕೈ ಚಾಚಬೇಕಾಗಿಯೂ ಇರಲಿಲ್ಲ, ಅವರೇ ಚಾಚಿ ನಿಂತಿದ್ದರು. "ಮಾಡ್ರಿ" ಎಂಬ ಒಂದು ಮಾತು ಸಾಕಿತ್ತು. ಬಾಯಿ ಬರದಿದ್ದರೆ ತಲೆ ಅಲ್ಲಾಡಿಸಿದ್ದರೂ ನಡೆಯುತ್ತಿತ್ತು.

ಅಪ್ಪ ತಂಬಿಗೆ ಕೆಳಗಿಟ್ಟ. ಹೆಗಲ ಮೇಲಿನ ಟಾವೆಲ್ಲಿನಿಂದ ಕಾಲು ಒರೆಸಿಕೊಂಡ, ಒಂದು ಕಾಲು, ಆಮೇಲೆ ಇನ್ನೊಂದು. ಬೀಗನ ಮುಖ ನೋಡಲಿಲ್ಲ, ನನ್ನ ಮುಖವನ್ನಂತೂ ನೋಡಲಿಲ್ಲ. ಲಿಂಬೆಯ ರಾಶಿಯ ಕಡೆ ನೋಡುತ್ತ, "ಈ ಸಲ ಲಿಂಬಿ ಚಲೋ ಹಿಡದೈತಲ್ರಿ ಬೀಗರ?" ಅಂದ.

ಅಕ್ಕನ ಮಾವನಿಗೆ ಅರ್ಥವಾಯಿತು. ಲೋಕ ಕಂಡ ಮನುಷ್ಯ. ಕಾಗದವನ್ನು ಮಡಿಸಿದ್ದ ಗೆರೆಯಲ್ಲೇ ಮತ್ತೆ ಮಡಿಸಿ ನನ್ನ ಕೈಗೆ ಕೊಟ್ಟ. "ಹೂಂ ರಿ, ಈ ಸಲ ಅಡ್ಡಿಯಿಲ್ಲ. ಬರ್ರಿ, ಊಟಕ್ಕ ಏಳ್ರಿ" ಅಂದ. ಅಪ್ಪ ಒಳಗೆ ಹೋಗಿ ಉಂಡ. ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ. ನಾನು ಅಂಗಳದಲ್ಲೇ ನಿಂತಿದ್ದೆ. ಅಕ್ಕ ಬಂದು ನನ್ನ ಕೈ ಹಿಡಿಯಲು ನೋಡಿದಳು, ಕೊಸರಿಕೊಂಡೆ. ಅವಳ ಮೇಲೆ ನನಗೆ ಸಿಟ್ಟೇನೂ ಇರಲಿಲ್ಲ, ಆದರೆ ಆ ಹೊತ್ತಿನಲ್ಲಿ ಯಾರು ಮುಟ್ಟಿದರೂ ಸುಡುವಂತಾಗಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ ನನ್ನನ್ನು ಕೂರಿಸಿದ. ಅವನನ್ನು ಏನು ಕೇಳಬೇಕೆಂದು ಗೊತ್ತಿತ್ತು; ಬಾಯಿ ತೆರೆದರೆ ಮಾತಿನ ಬದಲು ಬೇರೇನೋ ಬರುತ್ತಿತ್ತು, ಆ ತುಂಬಿದ ಬಸ್ಸಿನಲ್ಲಿ ಅಳುವುದು ನನಗೆ ಬೇಡವಾಗಿತ್ತು. ಮುದ್ದೇಬಿಹಾಳದ ಮಾವ, ಬಾಗೇವಾಡಿಯ ಅತ್ತೆಯ ಗಂಡ, ನಾನು ಇಷ್ಟು ದಿನ ಶಾಪ ಹಾಕಿದವರೆಲ್ಲ ಒಬ್ಬೊಬ್ಬರಾಗಿ ಕಣ್ಣ ಮುಂದೆ ಬಂದರು. ಅವರಲ್ಲಿ ಯಾರೂ ನನಗೆ ಇಲ್ಲ ಎಂದಿರಲಿಲ್ಲ. ಅವರನ್ನು ಯಾರೂ ಕೇಳಿಯೇ ಇರಲಿಲ್ಲ.

ತಾರೀಖು ಮುಗಿಯಿತು. ನಾನು ಮೆಣಸಿನಕಾಯಿ ಘಾಟಿನ ಕಾಲೇಜಿಗೆ ಸೇರಿ ಬಿ.ಎ. ಓದಿದೆ. ಸಾಲವಿಲ್ಲ, ಹಾಸ್ಟೆಲ್ಲಿಲ್ಲ, ದಿನಾ ಬುತ್ತಿಯಲ್ಲಿ ರೊಟ್ಟಿ. ತರಗತಿಯಲ್ಲಿ ಅರ್ಧ ಜನ ಬಳಗದವರು, ಉಳಿದರ್ಧ ಬಳಗದವರ ಪರಿಚಯದವರು. ನಾನು ಗೇಟಿನ ಹೊರಗೆ ಚಹಾ ಕುಡಿದರೆ ಸಂಜೆ ನಾನು ಮನೆ ಮುಟ್ಟುವ ಮೊದಲೇ ಅವ್ವನಿಗೆ ಗೊತ್ತಾಗಿರುತ್ತಿತ್ತು. ಪಾಠ ಮಾಡುವವರು ಕೆಟ್ಟವರಾಗಿರಲಿಲ್ಲ. ನಾನು ರಾಜಮನೆತನಗಳ ವಂಶಾವಳಿ ಬಾಯಿಪಾಠ ಮಾಡಿದೆ, ಪಾಸಾದೆ, ಮುಂದೆ ಅದರಿಂದಲೇ ಹೊಟ್ಟೆ ಹೊರೆದೆ. ಜನ ಇದನ್ನು ಕೇಳಿ, ಏನಾದರೇನು, ಓದಿದಿರಲ್ಲ, ನೌಕರಿ ಸಿಕ್ಕಿತಲ್ಲ ಅನ್ನುತ್ತಾರೆ. ನನಗೆ ಬೇಕಾದದ್ದು ಓದು ಎಂಬ ಯಾವುದೋ ಒಂದಲ್ಲ. ನನಗೆ ಬೇಕಾದದ್ದು ಆ ಕಲ್ಲಿನ ಮೇಜಿನ ಮುಂದೆ ನಿಲ್ಲುವ ಜಾಗ. ಅದರ ಬದಲು ಇದು ಸಿಕ್ಕಿತಲ್ಲ ಎನ್ನುವವರಿಗೆ ನಾನು ಉತ್ತರ ಕೊಡುವುದನ್ನು ಬಿಟ್ಟಿದ್ದೇನೆ.

ಕಾಲೇಜು ಸೇರಿದ ವರ್ಷವೇ, ಜೋಳದ ರಾಶಿ ಮುಗಿದ ಮೇಲೆ, ಒಂದು ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಓಣಿಯ ನಾಲ್ಕು ಜನ ಹಿರಿಯರು ಕೂತಿದ್ದರು. ನಾನು ಚಹಾ ತೆಗೆದುಕೊಂಡು ಹೋದೆ. ಅಷ್ಟು ಚಲೋ ಮಾರ್ಕು ಬಂದಿದ್ದವು, ಧಾರವಾಡಕ್ಕೆ ಯಾಕೆ ಕಳಿಸಲಿಲ್ಲ ಎಂದು ಅವರಲ್ಲೊಬ್ಬರು ಅಪ್ಪನನ್ನು ಕೇಳುತ್ತಿದ್ದರು. ಅಪ್ಪ ದೊಡ್ಡದೊಂದು ಉಸಿರು ಬಿಟ್ಟ.

"ಏನ ಮಾಡೂದ್ರಿ? ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಇಂಡಿ, ನಾಕ ತಾಲೂಕ ತಿರಿಗಿನ್ರಿ ಈಕಿ ಸಲುವಾಗಿ. ಚಪ್ಪಲಿ ಸವದು ಹ್ವಾದುವು. ಅಷ್ಟ ದೊಡ್ಡ ಬಳಗದಾಗ ಒಬ್ಬರೂ ಜಾಮೀನ ನಿಲ್ಲಲಿಲ್ಲ."

ಹಿರಿಯರು ಲೊಚಗುಟ್ಟಿದರು. ಮಗಳ ಓದಿಗಾಗಿ ಇಷ್ಟು ಓಡಾಡುವ ತಂದೆ ಎಲ್ಲಿ ಸಿಗುತ್ತಾನೆ ಎಂದು ಒಬ್ಬರು ಅಂದರು. ಇನ್ನೊಬ್ಬರು ನನ್ನ ಕಡೆ ತಿರುಗಿ, "ಪುಣ್ಯಾ ಮಾಡಿ ನೋಡವಾ ನೀ" ಅಂದರು.

ನಾನು ಚಹಾದ ತಾಟನ್ನು ಕಟ್ಟೆಯ ಮೇಲೆ ಇಟ್ಟೆ. ಅಪ್ಪನನ್ನೇ ನೋಡುತ್ತ, ಎಲ್ಲರಿಗೂ ಕೇಳುವಂತೆ, "ನೀ ಕೇಳಲೇ ಇಲ್ಲ" ಅಂದೆ.

ಹಿರಿಯರು ಚಹಾ ಕುಡಿದು, ಹೊಲದ ಕೆಲಸ ನೆನಪು ಮಾಡಿಕೊಂಡು ಒಬ್ಬೊಬ್ಬರೇ ಎದ್ದು ಹೋದರು. ಅಪ್ಪ ನನ್ನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಊಟಕ್ಕೆ ಕೂತಾಗ, ನಾನು ರೊಟ್ಟಿ ಬಡಿಸಲು ಬಗ್ಗಿದಾಗ, ತಾಟಿನ ಕಡೆಗೇ ನೋಡುತ್ತ ಮಾತು ತೆಗೆದ.

"ಕೇಳಿದ್ರ ಬೀಗ ಸೈ ಮಾಡತಿದ್ದ. ಮುದ್ದೇಬಿಹಾಳದಾಂವನೂ ಮಾಡತಿದ್ದ, ಬಾಗೇವಾಡಿ ಮಾಮಾನೂ ಮಾಡತಿದ್ದ. ಅದಕ್ಕ ಕೇಳಲಿಲ್ಲ."

"ಹೋಗಬ್ಯಾಡ ಅಂತ ನನ್ನ ಮುಂದ ಹೇಳಬೇಕಿತ್ತು" ಅಂದೆ.

"ಹೇಳಿದ್ರ ಬಿಡತಿದ್ದೇನು ನೀ?"

"ಇಲ್ಲ" ಅಂದೆ.

ಬಿಡುತ್ತಿರಲಿಲ್ಲ. ಜಗಳ ಆಡುತ್ತಿದ್ದೆ, ಉಪವಾಸ ಬೀಳುತ್ತಿದ್ದೆ, ಅಕ್ಕನ ಮಾವನ ಅಂಗಳದಲ್ಲಿ ಮಾಡಿದ್ದನ್ನು ಊರ ಚೌಕದಲ್ಲಿ ನಿಂತು ಮಾಡುತ್ತಿದ್ದೆ, ಕೊನೆಗೆ ಗೆಲ್ಲುತ್ತಿದ್ದೆ. ಅದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನನ್ನ ಎದುರಿಗೆ ನಿಂತು ಗೆಲ್ಲಲಾರೆನೆಂದು ತಿಳಿದೇ ನನ್ನ ಪಕ್ಕದಲ್ಲಿ ಕೂತು ಊರೂರು ತಿರುಗಿದ. ನನ್ನ ಕಡೆಯವನಂತೆ ತಿರುಗಿ ನನ್ನನ್ನು ಸೋಲಿಸಿದ. ಬೇಡ ಎಂದು ಹೇಳುವ ಅಪ್ಪನ ಜೊತೆ ಬಡಿದಾಡಬಹುದಿತ್ತು, ಈ ಅಪ್ಪನ ಜೊತೆ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

"ಇನ್ನೊಂದು ರೊಟ್ಟಿ ಹಾಕು" ಎಂದು ಅವನು ತಾಟು ಮುಂದೆ ಸರಿಸಿದ. ನಾನು ಹಾಕಲಿಲ್ಲ. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು ಹಾಕಿದಳು.